ಕೋಟೆಯೊಳಗಿನ ಸಂಸಾರ

ಗಂಡ ಹೆಂಡತಿ ಕೂಡಿ ಪ್ರವಾಸ ಹೊರಡುವುದು ಈ ನಾಡಿಗೆ ಹೊಸದೇನೂ ಅಲ್ಲ. ಮದುವೆಯಾದ ಹೊಸತರಲ್ಲಿ ಮನೆದೇವರಿಗೆ, ಮಗು ಹುಟ್ಟಿದ ಮೇಲೆ ಮುಡಿ ತೆಗೆಸಲು, ಮಕ್ಕಳು ಬೆಳೆದ ಮೇಲೆ ಹರಕೆ ತೀರಿಸಲು, ಎಲ್ಲ ಜವಾಬ್ದಾರಿಗಳೂ ಮುಗಿದ ಮೇಲೆ ಕಾಶಿಗೆ ಎಂದು ಯಾತ್ರೆಯ ಕ್ರಮವೊಂದು ಮೊದಲೇ ನಿಶ್ಚಯವಾಗಿರುತ್ತದೆ. ಕೋಟೆಗಳನ್ನು ನೋಡುವುದಕ್ಕೆಂದೇ ಹೊರಡುವ ದಂಪತಿಗಳು ಮಾತ್ರ ವಿರಳ. ಹಾಗೆ ಹೊರಟವರನ್ನು ಕಂಡರೆ ನೆಂಟರಿಷ್ಟರು, "ಆ ಹಾಳುಗೋಡೆಗಳಲ್ಲಿ ನೋಡುವುದೇನಿದೆ?" ಎಂದು ನಗುವುದುಂಟು.

ಆದರೆ ದೇವಾಲಯಕ್ಕೂ ಕೋಟೆಗೂ ಒಂದು ವ್ಯತ್ಯಾಸವಿದೆ. ದೇವಾಲಯದಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ನೋಡಬೇಕು. ಕೋಟೆಯಲ್ಲಿ ಯಾರು ಎತ್ತ ನೋಡಬೇಕೆಂಬ ವಿಧಿಯಿಲ್ಲ. ಒಬ್ಬರ ಕಣ್ಣು ಬುರುಜಿನ ಮೇಲಿದ್ದರೆ ಇನ್ನೊಬ್ಬರದು ಬಾವಿಯ ಮೇಲಿರಬಹುದು. ಮೂವತ್ತು ನಲವತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದವರು ತಾವು ಇಷ್ಟು ದಿನ ಒಂದೇ ವಸ್ತುವನ್ನು ನೋಡುತ್ತಿರಲಿಲ್ಲವೆಂದು ಅರಿಯುವುದಕ್ಕೆ ಕೋಟೆಯಂಥ ಸ್ಥಳ ಇನ್ನೊಂದಿಲ್ಲ.

ಬೆಂಗಳೂರಿನ ಒಂದು ಹಳೆಯ ಬಡಾವಣೆಯ ರಾಯರು ಮತ್ತು ಅವರ ಪತ್ನಿಯ ವಿಷಯದಲ್ಲಿ ಆದದ್ದೂ ಇದೇ. ರಾಯರು ನೀರಾವರಿ ಕಾಮಗಾರಿಗಳಲ್ಲಿ ಎಂಜಿನಿಯರಾಗಿ ಮೂವತ್ತನಾಲ್ಕು ವರ್ಷ ದುಡಿದು 2018ರಲ್ಲಿ ನಿವೃತ್ತರಾದವರು. ಅವರ ಸೇವೆಯ ಬಹುಭಾಗ ಕಳೆದದ್ದು ಕೃಷ್ಣಾ ತೀರದ ಕಾಲುವೆಗಳ ಬಳಿ, ತಗಡಿನ ಸೂರಿನ ಕ್ಯಾಂಪುಗಳಲ್ಲಿ. ಮಕ್ಕಳ ಓದಿನ ಸಲುವಾಗಿ ಅವರ ಪತ್ನಿ ಬೆಂಗಳೂರಿನಲ್ಲಿಯೇ ಮನೆ ನಡೆಸಿಕೊಂಡಿದ್ದರು. ತಿಂಗಳಿಗೊಮ್ಮೆ, ಕೆಲಸ ಜೋರಾಗಿದ್ದಾಗ ಎರಡು ತಿಂಗಳಿಗೊಮ್ಮೆ, ರಾಯರು ನೆಂಟರಂತೆ ಬಂದು ಎರಡು ದಿನವಿದ್ದು ಹೋಗುತ್ತಿದ್ದರು. ನಿವೃತ್ತಿಯ ಬಳಿಕ ಇಬ್ಬರೂ ದಿನವಿಡೀ ಎದುರುಬದುರು ಕುಳಿತಾಗ ಮಾತಿಗೆ ವಿಷಯವೇ ಸಿಗದಂತಾಯಿತು. ಆಗ ರಾಯರಿಗೆ ಹೊಳೆದ ಉಪಾಯವೇ ಈ ಕೋಟೆಗಳ ಪ್ರವಾಸ.

ಮೊದಲ ಪ್ರವಾಸ ಶ್ರೀರಂಗಪಟ್ಟಣಕ್ಕೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಅಲ್ಲಿಯ ಕೋಟೆಯ ಒಳಗೇ ಹಾದುಹೋಗುವುದರಿಂದ ಆ ಊರನ್ನು ಕಿಟಕಿಯಿಂದ ನೋಡದವರಿಲ್ಲ. ಇಳಿದು ನೋಡಿದವರು ಕಡಿಮೆ. ರಾಯರು ಕೈಯಲ್ಲೊಂದು ನಕ್ಷೆ ಹಿಡಿದು, ಕಾವೇರಿ ಎರಡಾಗಿ ಹರಿದು ಊರನ್ನು ಹೇಗೆ ದ್ವೀಪ ಮಾಡಿದ್ದಾಳೆ, ಇಂಗ್ಲಿಷರ ಫಿರಂಗಿಗಳು ಎಲ್ಲಿ ನಿಂತಿದ್ದವು, ಗೋಡೆ ಎಲ್ಲಿ ಬಿರಿಯಿತು ಎಂಬುದನ್ನೆಲ್ಲ ವಿವರಿಸತೊಡಗಿದರು. 1799ರ ಮೇ ತಿಂಗಳ 4ನೆಯ ತಾರೀಖು ಕೋಟೆ ಬಿದ್ದಿತು. ಮುಂಗಾರು ಬಂದು ನದಿ ತುಂಬಿದರೆ ದಾಟುವುದು ಅಸಾಧ್ಯವೆಂದು ಅರಿತಿದ್ದ ಶತ್ರುಗಳು, ನೀರು ಇಳಿದಿರುವಾಗಲೇ ನುಗ್ಗಿದರು. ಮುಂದಾಳಾಗಿ ಬಂದ ಡೇವಿಡ್ ಬೇರ್ಡ್ ಎಂಬ ಸೇನಾಧಿಕಾರಿ ಅದೇ ಊರಿನಲ್ಲಿ ಹಿಂದೆ ವರ್ಷಗಟ್ಟಲೆ ಸೆರೆಯಲ್ಲಿದ್ದವನು.

ಪತ್ನಿ ಎಲ್ಲವನ್ನೂ ಕೇಳಿ, "ಎಷ್ಟು ಹೊತ್ತಿಗೆ ಬಂದರು?" ಎಂದು ಮಾತ್ರ ಕೇಳಿದರು.

"ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ಬಿಸಿಲಿನ ಹೊತ್ತಿನಲ್ಲಿ ಕಾವಲಿನವರು ಉಣ್ಣುತ್ತ, ವಿಶ್ರಾಂತಿ ಪಡೆಯುತ್ತ ಇರುತ್ತಾರೆಂಬ ಲೆಕ್ಕಾಚಾರ. ಟಿಪ್ಪು ಸುಲ್ತಾನನೂ ಆಗ ಊಟಕ್ಕೆ ಕುಳಿತಿದ್ದನೆಂದು ಚರಿತ್ರೆಯಲ್ಲಿ ಬರೆದಿದ್ದಾರೆ. ಊಟ ಬಿಟ್ಟು ಎದ್ದು ಹೋದವನು ಹಿಂದಿರುಗಲಿಲ್ಲ."

"ಊಟದ ಹೊತ್ತನ್ನೇ ನೋಡಿಕೊಂಡು ಬಂದರು ಅನ್ನಿ," ಎಂದು ಆಕೆ ಸೆರಗಿನಿಂದ ಮುಖವೊರಸಿಕೊಂಡರು.

ಟಿಪ್ಪುವಿನ ದೇಹ ಸಿಕ್ಕಿದ ಸ್ಥಳದಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರೇ ಹೆಚ್ಚು. ಅರ್ಧ ಊಟ ಮಾಡಿ ಎದ್ದುಹೋದವನ ತಟ್ಟೆಯನ್ನು ಯಾರು ಎತ್ತಿಟ್ಟರೋ ಎಂದು ಯೋಚಿಸುವವರು ಬಹುಶಃ ಗೃಹಿಣಿಯರು ಮಾತ್ರ. ಅಂದು ರಾಯರು ಆ ಮಾತಿಗೆ ನಕ್ಕು ಮುಂದೆ ನಡೆದರು. ಅದರ ಅರ್ಥ ಅವರಿಗೆ ಹೊಳೆದದ್ದು ಚಿತ್ರದುರ್ಗದಲ್ಲಿ.

ಚಿತ್ರದುರ್ಗಕ್ಕೆ ಅವರು ಹೋದದ್ದು 2024ರ ಡಿಸೆಂಬರಿನಲ್ಲಿ. ಆ ವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಜನ ನೀರಿಗಾಗಿ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಕೊಳವೆಬಾವಿಗಳು ಬತ್ತಿದವು. ಟ್ಯಾಂಕರಿನವನು ಬರುವನೋ ಇಲ್ಲವೋ ಎಂದು ಮನೆಮನೆಯ ಹೆಂಗಸರು ಬಾಗಿಲಲ್ಲಿ ನಿಂತು ಕಾದರು. ರಾಯರ ಪತ್ನಿ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರನ್ನು ಅಂಗಳಕ್ಕೆ ಎಂದು ಲೆಕ್ಕ ಹಾಕಿ ಮೂರು ತಿಂಗಳು ನಡೆಸಿದ್ದರು. ಆ ಬೇಸಿಗೆ ಆಕೆಯ ಕಣ್ಣಿನಲ್ಲಿ ಇನ್ನೂ ಆರಿರಲಿಲ್ಲ.

ಕಲ್ಲಿನ ಕೋಟೆ ಎಂದೂ, ಏಳು ಸುತ್ತಿನ ಕೋಟೆ ಎಂದೂ ಪ್ರಸಿದ್ಧವಾದ ಆ ದುರ್ಗವನ್ನು ಹಂತಹಂತವಾಗಿ ಬಲಪಡಿಸಿದವರು ಪಾಳೆಯಗಾರ ನಾಯಕರು. ಮುಂದೆ ಹೈದರಾಲಿಯೂ ಟಿಪ್ಪುವೂ ಅದಕ್ಕೆ ತಮ್ಮ ಕೆಲಸವನ್ನು ಸೇರಿಸಿದರು. ಬಾಗಿಲುಗಳು ಒಂದರ ಎದುರಿಗೆ ಒಂದು ಇರುವುದಿಲ್ಲ. ಒಂದನ್ನು ದಾಟಿದೊಡನೆ ದಾರಿ ಹಾವಿನಂತೆ ತಿರುಗುತ್ತದೆ. ಬಾಗಿಲನ್ನು ಗುದ್ದಿ ಮುರಿಯಲು ಬರುವ ಆನೆಗೆ ಓಡಿ ಬಂದು ಹಾಯುವಷ್ಟು ನೇರವಾದ ಜಾಗ ಸಿಗಬಾರದೆಂಬುದೇ ಇದರ ಮರ್ಮ. ಗೋಡೆಯ ದಪ್ಪ ದಪ್ಪ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಹೊಂದುವಂತೆ ಕೆತ್ತಿ ಜೋಡಿಸಿದ್ದಾರೆ. ಬಂಡೆಗಳ ಮೇಲೆ ಸಾಲುಸಾಲಾಗಿ ಚಿಕ್ಕ ಕುಳಿಗಳು ಕಾಣುತ್ತವೆ. ಅವು ಕಲ್ಲು ಸೀಳಲು ಬೆಣೆ ಹೊಡೆದ ಗುರುತುಗಳು.

ರಾಯರು ಸಂದುಗಳಲ್ಲಿ ಬೆರಳಾಡಿಸಿ, "ಒಂದು ಚೂರು ಸಿಮೆಂಟಿಲ್ಲ. ಶತಮಾನಗಳಾದರೂ ಒಂದು ಕಲ್ಲು ಅಲುಗಿಲ್ಲ. ನಮ್ಮ ಕಾಲುವೆಯ ಲೈನಿಂಗು ಹತ್ತು ವರ್ಷಕ್ಕೆ ಬಾಯಿ ಬಿಡುತ್ತಿತ್ತು," ಎಂದು ಮೆಚ್ಚುತ್ತ ನಿಂತರು. ನೀರಿನ ಕೆಲಸದಲ್ಲಿಯೇ ಕೂದಲು ಹಣ್ಣಾದ ಮನುಷ್ಯ ನೋಡುತ್ತಿದ್ದುದು ಗೋಡೆಯನ್ನು. ನೀರನ್ನು ಹುಡುಕಿಕೊಂಡು ಹೋದವರು ಅವರ ಪತ್ನಿ.

ಅಲ್ಲಿ ನೋಡಬೇಕಾದದ್ದು ಸಾಕಷ್ಟಿತ್ತು. ಮಳೆ ಕಡಿಮೆ ಬೀಳುವ ಸೀಮೆ ಅದು. ಹಾಗಿದ್ದೂ ಬೆಟ್ಟದ ಮೇಲೆ ಬಿದ್ದ ಹನಿಯನ್ನು ಪೋಲಾಗಲು ಬಿಟ್ಟಿಲ್ಲ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅದೂ ತುಂಬಿದರೆ ಸಿಹಿನೀರ ಹೊಂಡಕ್ಕೆ. ಅಲ್ಲಿಂದ ಊರೊಳಗಿನ ಸಂತೆಹೊಂಡಕ್ಕೆ. ಮೇಲಿನವರು ಕುಡಿದು ಉಳಿದದ್ದು ಕೆಳಗಿನವರಿಗೆ. ಎಣ್ಣೆ ತುಂಬಿಡುವ ಕೊಳಗಳಿವೆ, ಧಾನ್ಯದ ಉಗ್ರಾಣಗಳಿವೆ. ಒಂದು ಹಳ್ಳದಲ್ಲಿ ಮದ್ದು ಬೀಸುವ ಭಾರಿ ಬೀಸುಕಲ್ಲುಗಳಿವೆ. ಮನೆಯ ಬೀಸುವ ಕಲ್ಲನ್ನು ರಾಕ್ಷಸಾಕಾರಕ್ಕೆ ಬೆಳೆಸಿದಂತಿರುವ ಅವುಗಳನ್ನು ತಿರುಗಿಸಲು ಪ್ರಾಣಿಗಳನ್ನು ಕಟ್ಟುತ್ತಿದ್ದರು.

"ಗೋಡೆ ಎಷ್ಟು ದಪ್ಪವಿದ್ದರೇನು?" ಎಂದು ಆಕೆ ಅಕ್ಕತಂಗಿಯರ ಹೊಂಡದ ಮೆಟ್ಟಿಲ ಮೇಲೆ ಕುಳಿತು ನುಡಿದರು. "ಒಳಗಿನವರಿಗೆ ನೀರಿಲ್ಲದಿದ್ದರೆ ಎಂಟನೆಯ ದಿನ ತಾವೇ ಬಾಗಿಲು ತೆಗೆಯುತ್ತಿದ್ದರು. ಕೋಟೆಯನ್ನು ಉಳಿಸಿದ್ದು ಈ ಹೊಂಡ."

ರಾಯರು ತಲೆದೂಗಲೇಬೇಕಾಯಿತು. ಮುತ್ತಿಗೆ ಎಂಬುದರ ಹುರುಳೂ ಅದೇ ಅಲ್ಲವೇ? ಹೊರಗೆ ಡೇರೆ ಹಾಕಿದವನು ಗೋಡೆ ಬೀಳುವುದನ್ನು ಮಾತ್ರ ಕಾಯುವುದಿಲ್ಲ. ಒಳಗಿನ ಒಲೆ ಆರುವುದನ್ನೂ ಕಾಯುತ್ತಾನೆ. ಆದರೆ ಚರಿತ್ರೆಯ ಪುಟಗಳಲ್ಲಿ ಬುರುಜುಗಳ ಲೆಕ್ಕ ಸಿಗುತ್ತದೆ, ಫಿರಂಗಿಗಳ ಲೆಕ್ಕ ಸಿಗುತ್ತದೆ. ದಿನಕ್ಕೆ ಎಷ್ಟು ಕೊಡ ನೀರು ಏರಿತು, ಎಷ್ಟು ಸೇರು ರಾಗಿ ಬೀಸಲಾಯಿತು ಎಂಬುದು ಸಿಗುವುದಿಲ್ಲ. ಆ ಲೆಕ್ಕ ಹೆಂಗಸರ ಕೈಯಲ್ಲಿತ್ತು. ಅವರು ಅದನ್ನು ಶಾಸನದಲ್ಲಿ ಕೊರೆಸಲಿಲ್ಲ.

ಕೊರೆಸದೆಯೂ ಉಳಿದದ್ದು ಒಂದೇ ಹೆಸರು: ಓಬವ್ವ. ದುರ್ಗವನ್ನು ನೋಡಲು ಬಂದವರು ಆಕೆಯ ಕಿಂಡಿಯನ್ನು ನೋಡದೆ ಹಿಂದಿರುಗುವುದಿಲ್ಲ. 1972ರಲ್ಲಿ ತೆರೆಕಂಡ, ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಒನಕೆ ಎತ್ತಿದ ದೃಶ್ಯವನ್ನು ಕಂಡವರಿಗಂತೂ ಆ ಕಲ್ಲುಸಂದಿಯ ಮುಂದೆ ನಿಂತಾಗ ಮೈ ನವಿರೇಳದಿರದು. 2021ರಿಂದ ನವೆಂಬರ್ 11ನ್ನು ರಾಜ್ಯ ಸರ್ಕಾರ ಓಬವ್ವನ ಜಯಂತಿಯಾಗಿ ಆಚರಿಸುತ್ತ ಬಂದಿದೆ.

ಕಥೆ ಎಲ್ಲರಿಗೂ ತಿಳಿದದ್ದೇ. ಕಡೆಯ ಮದಕರಿನಾಯಕನ ಆಳ್ವಿಕೆಯಲ್ಲಿ ಹೈದರಾಲಿಯ ಸೈನ್ಯ ಕೋಟೆಯನ್ನು ಮುತ್ತಿತ್ತು. ಬಂಡೆಗಳ ನಡುವೆ ಒಬ್ಬರು ಮಾತ್ರ ನುಸುಳಬಹುದಾದ ಒಂದು ಸಂದಿಯಿರುವುದು ಶತ್ರುಗಳಿಗೆ ತಿಳಿಯಿತು. ಅಲ್ಲಿನ ಕಾವಲುಗಾರ ಕಹಳೆಯ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿದ್ದ. ಮನೆಯಲ್ಲಿ ಕುಡಿಯುವ ನೀರಿಲ್ಲವೆಂದು ಅವನ ಹೆಂಡತಿ ಓಬವ್ವ ಕೊಡ ಹಿಡಿದು ಹತ್ತಿರದ ತಣ್ಣೀರು ದೋಣಿಗೆ ಹೋದಳು. ಸಂದಿಯಲ್ಲಿ ಪಿಸುಮಾತು ಕೇಳಿತು. ಹಿಂದಿರುಗಿ ಬಂದು, ಮನೆಯಲ್ಲಿದ್ದ ಒನಕೆಯನ್ನು ಎತ್ತಿಕೊಂಡು ಹೋಗಿ, ಕಿಂಡಿಯಿಂದ ತಲೆ ಹಾಕಿದ ಒಬ್ಬೊಬ್ಬನನ್ನೂ ಬಡಿದು, ಹೆಣವನ್ನು ಪಕ್ಕಕ್ಕೆ ಎಳೆದು, ಮತ್ತೆ ಕಾದು ನಿಂತಳು. ಊಟ ಮುಗಿಸಿ ಬಂದ ಗಂಡ ಕಂಡದ್ದು ನೆತ್ತರಲ್ಲಿ ತೊಯ್ದ ಹೆಂಡತಿಯನ್ನೂ ಹೆಣಗಳ ರಾಶಿಯನ್ನೂ. ಆತ ಕಹಳೆ ಊದಿದ. ಸೈನ್ಯ ಎಚ್ಚೆತ್ತಿತು. ಅಂದು ಕೋಟೆ ಉಳಿಯಿತು, ಓಬವ್ವ ಉಳಿಯಲಿಲ್ಲ. 1779ರಲ್ಲಿ ದುರ್ಗ ಕಡೆಗೂ ಹೈದರಾಲಿಯ ವಶವಾಯಿತು.

ರಾಯರು ಕಿಂಡಿಯ ಬಳಿ ಬಗ್ಗಿ, ತಮ್ಮ ದೇಹದ ಸುತ್ತಳತೆಯನ್ನೂ ಸಂದಿಯ ಅಗಲವನ್ನೂ ಹೋಲಿಸಿ ನೋಡಿ, ನುಸುಳುವ ಸಾಹಸವನ್ನು ಕೈಬಿಟ್ಟರು. ಆಮೇಲೆ ಲಘುವಾಗಿ ಒಂದು ಮಾತು ಎಸೆದರು.

"ಎಲ್ಲ ಸರಿ. ಆದರೆ ಆಕೆ ಗಂಡನನ್ನೇಕೆ ಕೂಗಲಿಲ್ಲ? ಮನೆ ಹತ್ತಿರವೇ ಇತ್ತು. ಒನಕೆ ತರಲು ಹೋದವಳು ಒಂದು ಮಾತು ಹೇಳಬಹುದಾಗಿತ್ತಲ್ಲ!"

"ಊಟಕ್ಕೆ ಕುಳಿತಿದ್ದನಲ್ಲ," ಎಂದರು ಪತ್ನಿ.

"ಶತ್ರು ಬಾಗಿಲಿಗೆ ಬಂದಾಗಲೂ ಊಟವೇ?"

ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಕಿಂಡಿಯ ಕಡೆಗೇ ನೋಡುತ್ತ, ಬೇರೆ ಯಾರದೋ ಮನೆಯ ಸಂಗತಿಯನ್ನು ಹೇಳುವವರಂತೆ ಹೇಳಿದರು. "1991ರಲ್ಲಿ ನಮ್ಮ ಹುಡುಗನಿಗೆ ವಿಷಮಶೀತ ಜ್ವರ ಬಂದಿತ್ತು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿಟ್ಟಿದ್ದೆ. ನಾಲ್ಕು ಬಳೆ ಅಡವಿಟ್ಟೆ. ಎರಡನ್ನು ಬಿಡಿಸಿಕೊಂಡೆ. ಇನ್ನೆರಡು ಬಡ್ಡಿಗೇ ಹೋದವು."

ರಾಯರು ನಿಂತಲ್ಲಿಯೇ ನಿಂತರು. ಆ ವರ್ಷ ಮಗನಿಗೆ "ಸ್ವಲ್ಪ ಜ್ವರ ಬಂದು ಹೋಯಿತು" ಎಂದು ಕಾಗದದಲ್ಲಿ ಬರೆದಿದ್ದುದು ಅವರ ನೆನಪಿನಲ್ಲಿತ್ತು. ಬಳೆಗಳ ವಿಷಯವೂ ನೆನಪಿತ್ತು. ಸವೆದಿದ್ದವು, ಮುರಿಸಿ ಕಿವಿಗೆ ಓಲೆ ಮಾಡಿಸಿಕೊಂಡೆ ಎಂದು ಆಕೆ ಹೇಳಿದ್ದರು. ಓಲೆಯನ್ನು ತೋರಿಸೆಂದು ರಾಯರು ಕೇಳಿರಲಿಲ್ಲ.

"ಒಂದು ತಂತಿ ಕೊಡಬಹುದಾಗಿತ್ತು," ಎಂದರು ಕಡೆಗೆ. ಧ್ವನಿ ಗಡುಸಾಗಿತ್ತು.

"ಕೊಟ್ಟಿದ್ದರೆ ನೀವು ಬಂದುಬಿಡುತ್ತಿದ್ದಿರಿ. ಕಾಲುವೆಗೆ ನೀರು ಬಿಡುವ ತಿಂಗಳು ಅದು. ಆ ಕೆಲಸದ ಮೇಲೆ ನಿಮ್ಮ ಬಡ್ತಿ ನಿಂತಿತ್ತು. ನೀವು ಬಂದು ಮಗುವಿನ ಹಾಸಿಗೆಯ ಪಕ್ಕ ಕುಳಿತಿದ್ದರೆ ಜ್ವರ ಒಂದು ದಿನ ಮೊದಲು ಇಳಿಯುತ್ತಿತ್ತೇ?"

"ಹಾಗಾದರೆ ನನ್ನನ್ನು ಹೊರಗಿನವನೆಂದು ತಿಳಿದೆಯಾ? ಮೂವತ್ತಮೂರು ವರ್ಷ!"

ಸುತ್ತಲೂ ಶಾಲೆಯ ಮಕ್ಕಳ ಗುಂಪೊಂದು ಕಿಂಡಿಯೊಳಗೆ ತಲೆ ಹಾಕಿ ಕೂಗಾಡುತ್ತಿತ್ತು. ಗಂಡ ಹೆಂಡತಿ ಇಬ್ಬರೂ ತಣ್ಣೀರು ದೋಣಿಯ ಬಳಿಗೆ ಸರಿದು ನಿಂತರು. ಅಂಥ ಗಳಿಗೆಯಲ್ಲಿ ಮಾತು ಯಾವ ದಿಕ್ಕಿಗೆ ತಿರುಗುವುದೆಂದು ಹೇಳಬರುವುದಿಲ್ಲ. ಮಗ ಉಳಿದನಲ್ಲ ಎಂಬ ಸಮಾಧಾನಕ್ಕಿಂತ, ತನಗೆ ತಿಳಿಸಲಿಲ್ಲವಲ್ಲ ಎಂಬ ನೋವೇ ರಾಯರಿಗೆ ದೊಡ್ಡದಾಗಿತ್ತು. ಏಳು ಸುತ್ತಿನ ಕೋಟೆಯನ್ನು ತಾನೇ ಕಟ್ಟಿದವನು ಏಳನೆಯ ಬಾಗಿಲಿನ ಹೊರಗೆ ನಿಂತಂತೆ ಅವರಿಗೆ ಅನಿಸಿತು.

"ನೀವು ಹೊರಗಿರಲಿಲ್ಲ," ಎಂದರು ಆಕೆ, ಮೆಲ್ಲನೆ. "ಊಟದಲ್ಲಿದ್ದಿರಿ. ಊಟ ಎಂದರೆ ನಾಲ್ಕು ಜನರ ಊಟ. ಎಬ್ಬಿಸಬಾರದೆನಿಸಿತು."

ಆ ಮಾತಿನಲ್ಲಿ ದೂರಿರಲಿಲ್ಲ, ಹೆಚ್ಚುಗಾರಿಕೆಯೂ ಇರಲಿಲ್ಲ. ಇದ್ದದ್ದು ಒಂದು ಲೆಕ್ಕ. ನಮ್ಮ ಮಧ್ಯಮ ವರ್ಗದ ಸಂಸಾರಗಳಲ್ಲಿ ಇಂಥ ಲೆಕ್ಕಗಳು ಎಷ್ಟು ಹೂತುಹೋಗಿವೆಯೋ! ಒಬ್ಬರು ಹೊರಗೆ ದುಡಿದು ಗೋಡೆ ಎಬ್ಬಿಸುತ್ತಾರೆ. ಇನ್ನೊಬ್ಬರು ಒಳಗೆ ಕಿಂಡಿ ಕಾಯುತ್ತಾರೆ. ಗೋಡೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದಕ್ಕೆ ಬಡ್ತಿಯುಂಟು, ನಿವೃತ್ತಿಯ ದಿನ ಹಾರವುಂಟು. ಕಿಂಡಿಯಲ್ಲಿ ನಡೆದದ್ದು ಯಾರಿಗೂ ತಿಳಿಯುವುದಿಲ್ಲ. ತಿಳಿಯದಂತೆ ನೋಡಿಕೊಂಡದ್ದೇ ಕಾಯುವವರ ಜಾಣತನ ಎಂದು ಹಿಂದಿನವರು ಹೊಗಳುತ್ತಿದ್ದರು. ಆದರೆ ಅದರ ಬೆಲೆ ಎರಡು ಬಳೆಗಳಿಗೆ ಮುಗಿಯುವುದಿಲ್ಲ. ಕಾದವರು ಒಂಟಿಯಾಗುತ್ತಾರೆ, ಕಾಯಿಸಿಕೊಂಡವರು ತಮಗೇ ಅರಿಯದಂತೆ ತಮ್ಮ ಮನೆಯಲ್ಲಿ ಅತಿಥಿಗಳಾಗುತ್ತಾರೆ. ನಿವೃತ್ತಿಯ ನಂತರ ಎದುರುಬದುರು ಕುಳಿತ ದಂಪತಿಗಳಿಗೆ ಮಾತು ಸಿಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಮುದ್ದಹನುಮನ ಬಗ್ಗೆ ಹೆಚ್ಚು ಯೋಚಿಸಿದವರಿಲ್ಲ. ಓಬವ್ವನ ಕಥೆಯಲ್ಲಿ ಅವನು ಊಟ ಮಾಡಿದವನು, ಅಷ್ಟೆ. ಊಟ ಮುಗಿಸಿ ಎದ್ದು, ನೀರಿಗೆ ಹೋದವಳು ಇನ್ನೂ ಬರಲಿಲ್ಲವೇಕೆ ಎಂದು ಹೊರಟವನ ಎದೆಯಲ್ಲಿ ಮುಂದೆ ಎಷ್ಟು ವರ್ಷ ಆ ಅನ್ನ ಕಲ್ಲಾಗಿ ಕುಳಿತಿತ್ತೋ ಯಾರು ಬಲ್ಲರು? ಆದರೆ ಅವನು ಒಂದು ಕೆಲಸ ಮಾಡಿದ. ಹೆಂಡತಿ ಮಾಡಿದ್ದನ್ನು ಮುಚ್ಚಿಡಲಿಲ್ಲ, ತಾನು ಮಾಡಿದೆನೆಂದು ಹೇಳಿಕೊಳ್ಳಲಿಲ್ಲ. ಬೆಟ್ಟಕ್ಕೆಲ್ಲ ಕೇಳುವಂತೆ ಕಹಳೆ ಊದಿದ. ತಡವಾಗಿ ಊದಿದರೂ ಅದು ಊದಬೇಕಾದ ಕಹಳೆಯೇ.

ಅಂದು ಸಂಜೆ ತಂಗಿದ್ದ ಹೋಟೆಲಿನ ಕೋಣೆಯಿಂದ ರಾಯರು ಪುಣೆಯಲ್ಲಿದ್ದ ಮಗನಿಗೆ ದೂರವಾಣಿ ಮಾಡಿದರು. ಕೋಟೆಯ ವಿಷಯ ಎರಡು ಮಾತಿನಲ್ಲಿ ಮುಗಿಯಿತು. ಆಮೇಲೆ ಹತ್ತೊಂಬತ್ತು ದಿನದ ಆಸ್ಪತ್ರೆಯ ಕಥೆಯನ್ನೂ ನಾಲ್ಕು ಬಳೆಗಳ ಕಥೆಯನ್ನೂ ಒಂದೂ ಬಿಡದೆ ಹೇಳಿದರು. ಆಗ ಐದು ವರ್ಷದ ಮಗುವಾಗಿದ್ದ ಮಗನಿಗೆ ಆಸ್ಪತ್ರೆಯ ಗೋಡೆಯ ಹಸಿರು ಬಣ್ಣವೊಂದು ಬಿಟ್ಟು ಬೇರೇನೂ ನೆನಪಿರಲಿಲ್ಲ. ಆ ಬದಿಯಲ್ಲಿ ಬಹಳ ಹೊತ್ತು ಸದ್ದಿಲ್ಲ. ಬಳಿಕ, "ಅಮ್ಮನಿಗೆ ಕೊಡಿ," ಎಂಬ ಮಾತು ಬಂದಿತು.

"ಇದನ್ನೆಲ್ಲ ಅವನಿಗೇಕೆ ಹೇಳಿದಿರಿ? ಈಗ ಅವನು ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ," ಎಂದು ಆಕೆ ಗದರಿದರು. ಗದರಿದರೂ ದೂರವಾಣಿಯನ್ನು ಹಿಡಿದುಕೊಂಡು ವರಾಂಡಕ್ಕೆ ಹೋದವರು ಅರ್ಧ ಗಂಟೆಯಾದರೂ ಒಳಗೆ ಬರಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಅವರು ಬೀದರಿಗೆ ಹೋದರು. ಇಡೀ ರಾತ್ರಿಯ ರೈಲು ಪ್ರಯಾಣ. ಕಲಬುರಗಿಯಲ್ಲಿದ್ದ ರಾಜಧಾನಿಯನ್ನು ಬಹಮನಿ ಸುಲ್ತಾನ ಅಹಮದ್ ಷಾ ಹದಿನೈದನೆಯ ಶತಮಾನದಲ್ಲಿ ಅಲ್ಲಿಗೆ ಸಾಗಿಸಿದನು. ಕೆಂಪು ಜಂಬಿಟ್ಟಿಗೆಯ ನೆಲವದು. ಕೋಟೆಯ ಒಂದು ಪಕ್ಕದಲ್ಲಿ ಆ ಕಲ್ಲುನೆಲವನ್ನೇ ಕಡಿದು ಮೂರು ಸಾಲಿನ ಕಂದಕ ತೋಡಿದ್ದಾರೆ. ರಂಗೀನ ಮಹಲಿನ ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿ ಬಿಡಿಸಿದ ಬಳ್ಳಿಗಳು ಬೆಳಗಿನ ಬಿಸಿಲು ಬಿದ್ದಾಗ ಇಂದಿಗೂ ಮಿನುಗುತ್ತವೆ. ಊರೊಳಗೆ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಅರ್ಧ ಕುಸಿದೂ ಗಂಭೀರವಾಗಿ ನಿಂತಿದೆ. ಅದರ ಮುಖದ ಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಉಳಿದಿವೆ.

ಈ ಸಲ ದಿಕ್ಕುಗಳು ಅದಲುಬದಲಾಗಿದ್ದವು. ರಾಯರು ಮೊದಲು ವಿಚಾರಿಸಿದ್ದು ನೀರನ್ನು. ಊರ ಹೊರಗಿನ ನೌಬಾದಿನಲ್ಲಿ ಪರ್ಷಿಯಾ ದೇಶದ ಕ್ರಮದಲ್ಲಿ ತೋಡಿದ ಕರೇಜ್ ಎಂಬ ನೆಲದಡಿಯ ಕಾಲುವೆಯಿದೆ. ಅಂತರ್ಜಲದ ಸೆಲೆಯಿಂದ ನೀರನ್ನು ಬಿಸಿಲಿಗೆ ಆರದಂತೆ ಕತ್ತಲಲ್ಲಿಯೇ ಹರಿಸಿ ತರುವ ಉಪಾಯ. ಗಾಳಿಬೆಳಕಿಗಾಗಿ ನಡುನಡುವೆ ಬಾವಿಗಳಂಥ ತೂತುಗಳನ್ನು ಬಿಟ್ಟಿದ್ದಾರೆ. ರಾಯರು ಅಂಥ ಒಂದು ಬಾಯಿಯ ಬಳಿ ಕುಳಿತು ಇಳಿಜಾರಿನ ಲೆಕ್ಕವನ್ನು ಪತ್ನಿಗೆ ವಿವರಿಸಿದರು. ನೀರು ತಾನಾಗಿ ಹರಿಯಬೇಕು, ಆದರೆ ನೆಲವನ್ನು ಕೊರೆಯುವಷ್ಟು ವೇಗವಾಗಿ ಹರಿಯಬಾರದು. ಅಷ್ಟು ನವುರಾದ ಇಳಿಜಾರನ್ನು ಅಂದಿನವರು ನೆಲದೊಳಗೆ ಹೇಗೆ ಹಿಡಿದರೆಂಬುದೇ ಸೋಜಿಗ. ಆಕೆಯಾದರೋ ಕಂದಕದ ಅಂಚಿನಲ್ಲಿ ನಿಂತು, ನಡುವೆ ಎರಡು ಗೋಡೆ ಬಿಟ್ಟು ಮೂರು ಕಾಲುವೆ ಕಡಿಯುವುದಕ್ಕೆ ಎಷ್ಟು ಜನ ಬೇಕಾಗಿದ್ದರು, ಕಡಿದ ಕಲ್ಲನ್ನು ಎಲ್ಲಿಗೆ ಹಾಕಿದರು ಎಂದು ಕೇಳಿದರು. ಕಡಿದ ಕಲ್ಲು ಗೋಡೆಗೇ ಒದಗುತ್ತದಲ್ಲ ಎಂದು ತಾವೇ ಉತ್ತರ ಕಂಡುಕೊಂಡು ಸಂತೋಷಪಟ್ಟರು.

ಬೀದರಿನ ಬಿದರಿ ಕೆಲಸಕ್ಕೂ ಕೋಟೆಗೂ ಇರುವ ನಂಟು ವಿಲಕ್ಷಣವಾದದ್ದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅದರ ಮೇಲೆ ಚಿತ್ತಾರ ಕೊರೆದು, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ತುಂಬುತ್ತಾರೆ. ಅಷ್ಟಾದರೂ ವಸ್ತು ಒಂದೇ ಬೂದುಬಣ್ಣದ್ದಾಗಿ, ಚಿತ್ತಾರ ಎದ್ದು ಕಾಣುವುದಿಲ್ಲ. ಕಡೆಗೆ ಹಳೆಯ ಕೋಟೆಯ, ಮಳೆಬಿಸಿಲು ಕಾಣದ ಮೂಲೆಗಳ ಮಣ್ಣನ್ನು ತಂದು ನವಸಾಗರದೊಡನೆ ನೀರಿನಲ್ಲಿ ಕಾಯಿಸಿ, ಆ ದ್ರವದಲ್ಲಿ ವಸ್ತುವನ್ನು ಅದ್ದುತ್ತಾರೆ. ಒಡನೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣು ತಕ್ಕದ್ದೇ ಅಲ್ಲವೇ ಎಂಬುದನ್ನು ಕುಶಲಕರ್ಮಿಗಳು ನಾಲಗೆಯ ಮೇಲಿಟ್ಟು ರುಚಿ ನೋಡಿ ನಿರ್ಧರಿಸುವ ರೂಢಿಯಿದೆ. ಶತಮಾನಗಳ ಕಾಲ ಗೋಡೆಯ ಮರೆಯಲ್ಲಿ ಕತ್ತಲಲ್ಲಿದ್ದ ಮಣ್ಣಿನಿಂದ ಬೆಳ್ಳಿ ಕಣ್ಣಿಗೆ ಕಾಣುವಂತಾಗುತ್ತದೆ.

ಅಂಗಡಿಯೊಂದರಲ್ಲಿ ರಾಯರು ಎರಡು ಬಿದರಿ ಬಳೆಗಳನ್ನು ಆರಿಸಿದರು. ಪತ್ನಿ ಬೆಲೆ ಕೇಳಿ, ಎರಡು ಸಲ ಚೌಕಾಸಿ ಮಾಡಿ, ಬಳೆಯನ್ನು ಕೈಯಲ್ಲಿ ತೂಗಿ ನೋಡಿದರು.

"ಚಿನ್ನವಲ್ಲ, ಏನಲ್ಲ. ನಾಳೆ ಒಂದು ಕಷ್ಟಕ್ಕೆ ಅಡವಿಡಲಿಕ್ಕೂ ಬರುವುದಿಲ್ಲ," ಎಂದರು.

"ಅದಕ್ಕಾಗಿಯೇ ಕೊಳ್ಳುತ್ತಿದ್ದೇನೆ," ಎಂದರು ರಾಯರು. "ಇನ್ನು ಮೇಲೆ ಕಷ್ಟ ಬಂದರೆ ನನ್ನನ್ನು ಎಬ್ಬಿಸಬೇಕು."

"ಊಟದಲ್ಲಿದ್ದರೆ?"

"ಊಟದಲ್ಲಿದ್ದರೂ."

ಅಂಗಡಿಯವನಿಗೆ ಈ ಮಾತಿನ ತಲೆಬುಡ ತಿಳಿಯಲಿಲ್ಲ. ಅವನು ಬಳೆಗಳನ್ನು ಕಾಗದದಲ್ಲಿ ಸುತ್ತಿ, ನೀರು ತಾಗಿಸಬೇಡಿ, ಮಬ್ಬಾದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ಎಂದು ಹೇಳಿಕೊಟ್ಟನು.

ಕೋಟೆ ನೋಡಲು ಹೊರಡುವ ದಂಪತಿಗಳಿಗೆ ಅನುಭವಸ್ಥರು ಹೇಳುವ ಮಾತುಗಳು ಕೆಲವಿವೆ. ಚಳಿಗಾಲದಲ್ಲಿ ಹೋಗಬೇಕು, ಬೆಳಗಿನ ಎಳೆಬಿಸಿಲಿನಲ್ಲಿ ಹತ್ತಬೇಕು, ನೀರಿನ ಬಾಟಲಿಯನ್ನೂ ಹಿಡಿತವಿರುವ ಚಪ್ಪಲಿಯನ್ನೂ ಮರೆಯಬಾರದು, ಮಂಡಿನೋವಿದ್ದವರು ಬುರುಜಿನ ತುದಿಗೇ ಹೋಗಬೇಕೆಂಬ ಹಠ ಹಿಡಿಯಬಾರದು. ಇವೆಲ್ಲವೂ ಸರಿಯೇ. ಇವುಗಳ ಜೊತೆಗೆ ಇನ್ನೊಂದನ್ನೂ ಸೇರಿಸಬಹುದು: ಮಾರ್ಗದರ್ಶಿಯ ಮಾತು ಮುಗಿದ ಮೇಲೆ ಒಬ್ಬರನ್ನೊಬ್ಬರು "ನಿನಗೇನು ಕಂಡಿತು?" ಎಂದು ಕೇಳಿಕೊಳ್ಳಬೇಕು. ಉತ್ತರ ಕೆಲವೊಮ್ಮೆ ಮೂವತ್ತು ವರ್ಷ ಹಳೆಯದಾಗಿರಬಹುದು. ಕೇಳುವ ತಾಳ್ಮೆಯಿದ್ದವರಿಗೆ ಅದು ಮದಕರಿನಾಯಕನ ಚರಿತ್ರೆಗಿಂತ ಕಡಿಮೆಯದಲ್ಲ.

ಬರುವ ಚಳಿಗಾಲಕ್ಕೆ ರಾಯರ ದಂಪತಿಗಳು ಉತ್ತರ ಕನ್ನಡದ ಮಿರ್ಜಾನ್ ಕೋಟೆಗೆ ಹೋಗುವುದೆಂದು ನಿಶ್ಚಯಿಸಿದ್ದಾರೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆಯದು. ಅಲ್ಲಿಯ ಬಾವಿಗಳನ್ನು ಮೊದಲು ನೋಡಬೇಕೋ, ಪಾಚಿ ಹಬ್ಬಿದ ಗೋಡೆಗಳನ್ನು ಮೊದಲು ನೋಡಬೇಕೋ ಎಂಬ ವಿಷಯದಲ್ಲಿ ಮನೆಯಲ್ಲಿ ಚರ್ಚೆ ಈಗಲೇ ಆರಂಭವಾಗಿದೆ. ಊಟದ ಹೊತ್ತಿನಲ್ಲಿಯೂ ಅದು ನಿಲ್ಲುವುದಿಲ್ಲ.